ಊರಿನ ಶಾಲೆಯಾದ ಸಿಸ್ಟರ್ ಶಾಲೆ



ದತ್ತಿ ಉಪನ್ಯಾಸ ಎಂದರೆ ಕವಿ, ಕಾವ್ಯ, ಶಾಸನ, ಜಾನಪದಗಳ ಮೇಲೆ ಮಾತಾಡುವುದು ವಾಡಿಕೆ. ನಾನು ಪ್ರಾಥಮಿಕ ಶಾಲೆಯ ಬಗ್ಗೆ, ಅದರಲ್ಲೂ ಕಥೋಲಿಕ ಸಭೆಯವರು ನಡೆಸುವ ಪ್ರಾಥಮಿಕ ಶಾಲೆಯ ಬಗ್ಗೆ ಮಾತಾಡಲು ಅವಕಾಶ ಕೇಳಿದೆ. ಈ ದತ್ತಿ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಆ ತಾಯಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಅವರ ಹೆಸರಿನಲ್ಲಿ ಒಂದನೇ ತರಗತಿಯ ವಿಚಾರ ಮಾತಾಡುವುದು ಸಲ್ಲುತ್ತದೆ ಎಂದು ಸಂಘಟಕರೂ ಒಪ್ಪಿದರು. ಅವರಿಗೆ ನನ್ನ ಕೃತಜ್ಞತೆ.

ನಾನು ಕ್ರೈಸ್ತನಲ್ಲ. ಮದ್ದೂರು ತಾಲ್ಲೂಕಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಸರ್ಕಾರಿ ಶಾಲೆಯಲ್ಲಿ ಓದಿ, ಆಮೇಲೆ ಸಿಸ್ಟರ್‌ಗಳು ನಡೆಸುವ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತಿಯವರೆಗೂ ಇದ್ದವನು. ಆ ಶಾಲೆಯ ಹೆಸರು ಇಲ್ಲಿ ಬೇಡ. ಅಂಥ ಶಾಲೆಗಳಲ್ಲಿ ಓದಿದವರು, ಮಕ್ಕಳನ್ನು ಓದಿಸಿದವರು ಈ ಸಭಾಂಗಣದಲ್ಲೇ ಎಷ್ಟೋ ಜನ ಕೂತಿದ್ದೀರಿ. ನಾನು ಹೇಳಬೇಕೆಂದಿರುವ ಮಾತು ಒಂದೇ. ಈ ಶಾಲೆಗಳು ನಿಂತಿರುವುದು ತಮ್ಮ ಧರ್ಮಕ್ಕೆ ಸೇರದ ಜನರ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಸಂಪಾದಿಸಿಕೊಟ್ಟದ್ದು ಕನ್ನಡ. ಈಗ ಅದೇ ಕನ್ನಡವನ್ನು ಶಾಲೆಗಳು ಕೈಬಿಡುತ್ತಿವೆ. ಕೈಬಿಡಿ ಎಂದು ಒತ್ತಾಯಿಸುತ್ತಿರುವವರು ಪೋಷಕರಾದ ನಾವೇ.

2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ ದಾಟಿತ್ತು. ಅದರಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇರಲಿಲ್ಲ. ಇಂಥ ಜಿಲ್ಲೆಯಲ್ಲಿ ಕಥೋಲಿಕ ಶಾಲೆ ನಡೆಯಬೇಕಾದರೆ ಅದು ಕಥೋಲಿಕರ ಮಕ್ಕಳಿಂದ ನಡೆಯಲಾರದು. ಹಾಜರಿ ಕೂಗುವಾಗ ನನ್ನ ಬಾಯಲ್ಲಿ ಬರುತ್ತಿದ್ದ ಹೆಸರುಗಳು ನಂಜುಂಡ, ಸಿದ್ದರಾಜು, ಮಹದೇವಿ, ಶಬಾನಾ, ಚಿಕ್ಕತಾಯಮ್ಮ, ಆಮೇಲೆ ಎಲ್ಲೋ ಒಬ್ಬ ಅಂತೋಣಿರಾಜ್. ಮೇಷ್ಟ್ರುಗಳಲ್ಲೂ ನಾವೇ ಹೆಚ್ಚು. ಮಕ್ಕಳು ಊರಿನವರು, ಕಲಿಸುವವರು ಬಹುಪಾಲು ಊರಿನವರು; ಆಡಳಿತ, ಶಿಸ್ತು, ಹಿಂದಿರುವ ನಂಬಿಕೆ ಮಾತ್ರ ಕಥೋಲಿಕರದು. ಈ ಏರ್ಪಾಡು ಹೇಗೆ ಬಂತು ಎನ್ನುವುದಕ್ಕೆ ಕಾವೇರಿ ತೀರದ ಇತಿಹಾಸವನ್ನು ಸ್ವಲ್ಪ ತಿರುವಿ ಹಾಕಬೇಕು.

ಕನ್ನಡಕ್ಕೆ ಮಿಷನರಿಗಳ ಕೊಡುಗೆ ಎಂದೊಡನೆ ನಮಗೆ ಬಾಸೆಲ್ ಮಿಷನ್, ಮೋಗ್ಲಿಂಗ್, 1843ರ ಮಂಗಳೂರ ಸಮಾಚಾರ, 1894ರ ಕಿಟೆಲ್ ನಿಘಂಟು ನೆನಪಾಗುತ್ತವೆ. ನೆನಪಾಗಬೇಕಾದ್ದೇ. ಆದರೆ ಅವರಿಗಿಂತ ಸುಮಾರು ಎರಡು ಶತಮಾನ ಮೊದಲೇ, ಇಲ್ಲಿಂದ ಕೂಗಳತೆಯಲ್ಲಿರುವ ಶ್ರೀರಂಗಪಟ್ಟಣದಲ್ಲಿ ಒಬ್ಬ ಕಥೋಲಿಕ ಪಾದ್ರಿ ಕನ್ನಡ ಕಲಿಯಲು ಕೂತಿದ್ದರು. ಅವರು ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ. 1649ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರು ಮಿಷನ್ ಆರಂಭಿಸಿದವರು. ಸಂನ್ಯಾಸಿಯ ಉಡುಪು ತೊಟ್ಟು, ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣ ಬರೆದರು, ಶಬ್ದಕೋಶ ಕಟ್ಟಿದರು, ಧರ್ಮೋಪದೇಶದ ಬರಹಗಳನ್ನು ಕನ್ನಡದಲ್ಲೇ ಬರೆದರು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ. ಮಂಡ್ಯದ ಕಾಲೇಜುಗಳ ಕನ್ನಡ ವಿಭಾಗಗಳು ಈ ಕೊರತೆ ತುಂಬುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಶ್ರೀರಂಗಪಟ್ಟಣ ನಮ್ಮ ಜಿಲ್ಲೆಯಲ್ಲೇ ಇರುವಾಗ ಇದನ್ನು ಬೇರೆ ಯಾರು ಮಾಡಬೇಕು?

ಯೇಸುಸಭೆಯನ್ನು 1773ರಲ್ಲಿ ಪೋಪರೇ ರದ್ದು ಮಾಡಿದ ಮೇಲೆ ಈ ಸೀಮೆಯ ಕೆಲಸ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಕೈಗೆ ಬಂತು. ನಡುವೆ ದುರ್ದಿನಗಳೂ ಬಂದವು. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಸತ್ತವರೆಷ್ಟೋ, ಇಲ್ಲಿ ಸತ್ತವರೆಷ್ಟೋ. 1799ರ ಮೇ 4ರಂದು ಕೋಟೆ ಬಿದ್ದಾಗ ಉಳಿದಿದ್ದ ಕ್ರೈಸ್ತರು ಚೆಲ್ಲಾಪಿಲ್ಲಿಯಾದ ಜನ. ಅವರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್.

ದುಬಾಯ್ ಅವರ ಹೆಸರು ಇವತ್ತು ಉಳಿದಿರುವುದು ಹಿಂದೂ ಆಚಾರ, ಪದ್ಧತಿಗಳ ಮೇಲಿನ ಪುಸ್ತಕದಿಂದ. ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಹ ಕೊಟ್ಟು ಕೊಂಡಿತು. ಪುಸ್ತಕದ ಬಗ್ಗೆ ವಿದ್ವಾಂಸರಲ್ಲಿ ತಕರಾರುಗಳಿವೆ, ನನಗೂ ಇವೆ. ನನಗೆ ಆ ಪುಸ್ತಕಕ್ಕಿಂತ ದೊಡ್ಡದಾಗಿ ಕಾಣುವುದು ಅವರು 1803–04ರ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಪಟ್ಟ ಪಾಡು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಲಸಿಕೆಯನ್ನು ಪ್ರಕಟಿಸಿ ಆರು ವರ್ಷವೂ ತುಂಬಿರಲಿಲ್ಲ. ಸಿಡುಬನ್ನು ಅಮ್ಮ ಎಂದು ಕರೆದು ಪೂಜಿಸುವ ನಾಡಿನಲ್ಲಿ, ಅನ್ಯದೇಶದ, ಅನ್ಯಧರ್ಮದ ಒಬ್ಬ ಮನುಷ್ಯ ಬಂದು ಮಗುವಿನ ತೋಳಿಗೆ ಗೀರು ಹಾಕುತ್ತೇನೆ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಒಪ್ಪಿದರು. ದುಬಾಯ್ ಜನರ ಹಾಗೆ ಉಡುತ್ತಿದ್ದರು, ಜನರ ಊಟ ಉಣ್ಣುತ್ತಿದ್ದರು, ಜನರ ಮಾತಾಡುತ್ತಿದ್ದರು. ಜನ ಅವರನ್ನು ದೊಡ್ಡ ಸ್ವಾಮಿಯೋರು ಎಂದರು. ಊರು ಬಿಟ್ಟು ಚದುರಿದ್ದ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಸಿಕೊಟ್ಟರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ 1800ರ ಸುಮಾರಿನಲ್ಲಿ ಎದ್ದ ಚರ್ಚನ್ನು ಇವತ್ತಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

1823ರಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂದು ಖಂಡಿತವಾಗಿ ಬರೆದರು. ಉಳಿದ ಮಿಷನರಿಗಳು ಅವರ ಮೇಲೆ ಹರಿಹಾಯ್ದರು. ಆದರೆ ನೋಡಿ, ಮತಾಂತರದ ಲೆಕ್ಕದಲ್ಲಿ ಸೋತೆ ಎಂದುಕೊಂಡ ಮನುಷ್ಯನ ಲಸಿಕೆ, ಬೇಸಾಯದ ಊರು, ನಂಬಿಕೆ ಯಾವುದೂ ಸೋಲಲಿಲ್ಲ. ಈ ಸೀಮೆಯ ಕಥೋಲಿಕ ಸಂಸ್ಥೆಗಳು ಹಿಡಿದ ದಾರಿ ಅಲ್ಲಿಂದಲೇ ಶುರುವಾಯಿತು ಎಂಬುದು ನನ್ನ ಅಭಿಪ್ರಾಯ.

ಅದರ ಮುಂದಿನ ಕೊಂಡಿ ಬೆಂಗಳೂರಿನಲ್ಲಿದೆ. ಬಿಷಪ್ ಶಾರ್ಬೊನೊ ಅವರ ಕಾಲದಲ್ಲಿ ಅಲ್ಲಿನ ಮಿಷನ್ನಿನ ಮುದ್ರಣಾಲಯದಿಂದ 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಹೊರಬಂದವು. ಫ್ರಾನ್ಸಿನಿಂದ ಬಂದ ಎಳೆಯ ಪಾದ್ರಿ ಹಳ್ಳಿಗೆ ಹೋಗುವ ಮೊದಲು ಕನ್ನಡ ಕಲಿಯಲೇಬೇಕಿತ್ತು. ಅದಕ್ಕಾಗಿ ಕಿಟೆಲ್‌ಗಿಂತ ನಾಲ್ಕು ದಶಕದಷ್ಟು ಮೊದಲೇ ಇಷ್ಟು ದೊಡ್ಡ ಕೆಲಸ ಮಾಡಿಕೊಂಡರು. ಸರ್ಕಾರದ ಕಡೆಯಿಂದ 1868ರಲ್ಲಿ ಲೂಯಿ ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂತು, 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಮಂಡ್ಯಕ್ಕೆ ಕನ್ನಂಬಾಡಿಯ ನೀರು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರ ಜುಲೈ 1ರಂದು ಮಂಡ್ಯ ಹೊಸ ಜಿಲ್ಲೆಯಾಯಿತು. ಮರು ವರ್ಷವೇ ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾಗಿ, ಮಂಡ್ಯ ಸೀಮೆಯ ಕಥೋಲಿಕರಿಗೆ ಮೈಸೂರೇ ಕೇಂದ್ರವಾಯಿತು. 2010ರ ಜನವರಿ 18ರಂದು ಸಿರೋ ಮಲಬಾರ್ ಸಭೆಯವರ ಮಂಡ್ಯ ಧರ್ಮಕ್ಷೇತ್ರವೂ ಸ್ಥಾಪನೆಯಾಯಿತು. ಕೇರಳ ಮೂಲದ ಸಿಸ್ಟರ್‌ಗಳು, ಫಾದರ್‌ಗಳು ಮಂಡ್ಯ ಸೀಮೆಗೆ ಬಂದು ಕನ್ನಡ ಕಲಿತದ್ದು ಮಾತ್ರ ಅದಕ್ಕಿಂತ ಹಳೆಯ ಕಥೆ.

ಆ ಕಥೆಯ ಒಂದು ತುಣುಕನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ಸಿಸ್ಟರ್ ಒಬ್ಬರ ಕನ್ನಡ ಮೊದಮೊದಲು ಪಠ್ಯಪುಸ್ತಕದ ಕನ್ನಡ. ವರ್ಷ ಕಳೆಯುವುದರೊಳಗೆ ಮಕ್ಕಳ ಬಾಯಿಂದ ಮಂಡ್ಯದ ಕನ್ನಡವನ್ನೇ ಕಲಿತರು. ಕಬ್ಬು ಕಡಿಯುವ ಕಾಲ ಬಂತೆಂದರೆ ನಮ್ಮಲ್ಲಿ ಹಾಜರಿ ಕುಸಿಯುತ್ತದೆ. ಅಪ್ಪ ಅಮ್ಮ ಆಲೆಮನೆಗೆ ಹೋಗುತ್ತಾರೆ, ಮಕ್ಕಳೂ ಹಿಂದೆ ಹೋಗುತ್ತಾರೆ. ಎರಡನೇ ತರಗತಿಯ ಹುಡುಗನೊಬ್ಬ ವಾರವಾದರೂ ಬರಲಿಲ್ಲ ಎಂದು ಸಿಸ್ಟರ್ ಸಂಜೆ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟರು. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು, ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. ಹುಡುಗ ಒಣಗಿದ ರಚ್ಚು ಹೊತ್ತು ತಂದು ಒಲೆಯ ಬಾಯಿಗೆ ಹಾಕುತ್ತಿದ್ದ. ಸಿಸ್ಟರ್ ಬಿಳಿ ಸೀರೆಯ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಒಲೆಯ ಹತ್ತಿರವೇ ಹೋದರು.

‘ಇನ್ನೊಂದ್ ಎರಡು ವಾರ ತಡ್ಕಳಿ ಸಿಸ್ಟ್ರೇ, ಕಬ್ಬು ಮುಗೀಲಿ, ಕಳಿಸ್ತೀನಿ’ ಎಂದ ಅಪ್ಪ.

‘ಕಬ್ಬು ಮುಂದಿನ ವರ್ಷಾನೂ ಬರ್ತದೆ ಕಣಪ್ಪ. ಇವನ ಎರಡನೇ ಕ್ಲಾಸು ಬರಾಕಿಲ್ಲ’ ಎಂದರು ಸಿಸ್ಟರ್.

ಅಪ್ಪನಿಗೆ ನಗು ಬಂತು. ಸಿಸ್ಟರ್ ನಗಲಿಲ್ಲ. ಅಲ್ಲೇ ಗೋಣಿಚೀಲದ ಮೇಲೆ ಹುಡುಗನನ್ನು ಕೂರಿಸಿ, ಇದ್ದಿಲು ಚೂರಿನಿಂದ ಬೆಲ್ಲದ ಮಣೆಯ ಹಿಂಬದಿಗೆ ಕಾಗುಣಿತ ಬರೆಸಿದರು. ಮರುದಿನ ಹುಡುಗ ಶಾಲೆಗೆ ಬಂದ. ಈ ಕೆಲಸಕ್ಕೆ ಯಾವ ಧರ್ಮದ ಹೆಸರು ಕೊಡೋಣ? ಸಿಸ್ಟರ್ ಅವರನ್ನು ಕೇಳಿದರೆ ಅದೇ ನನ್ನ ಪ್ರಾರ್ಥನೆ ಎನ್ನುತ್ತಿದ್ದರು. ಅಪ್ಪನನ್ನು ಕೇಳಿದರೆ ಹುಡುಗನ ಯೋಗ ಎನ್ನುತ್ತಿದ್ದ. ಇಬ್ಬರೂ ಸೇರಿಯೇ ಆ ಹುಡುಗನನ್ನು ಓದಿಸಿದರು.

ನಂಬಿಕೆಯ ವಿಷಯದಲ್ಲಿ ಶಾಲೆಯ ಒಳಗಿನ ಏರ್ಪಾಡು ಹೇಗಿರುತ್ತಿತ್ತು ಎಂದು ಹೊರಗಿನವರು ಕೇಳುತ್ತಾರೆ. ಬೆಲ್ ಹೊಡೆದ ಮೇಲೆ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತಿದ್ದರು. ದೇವರ ಹೆಸರೆತ್ತಿ, ಯಾರೂ ಹೇಳಬಹುದಾದ ಸಣ್ಣ ಪ್ರಾರ್ಥನೆ. ನಾಡಗೀತೆ, ಪತ್ರಿಕೆಯ ತಲೆಬರಹ, ರಾಷ್ಟ್ರಗೀತೆ. ಉಗುರು ಬೆಳೆದಿದೆಯೇ, ತಲೆಗೆ ಎಣ್ಣೆ ಇದೆಯೇ ಎಂದು ಸಿಸ್ಟರ್ ಸಾಲಿನಲ್ಲಿ ನಡೆದು ನೋಡುತ್ತಿದ್ದರು. ವಾರದಲ್ಲಿ ಕೆಲವು ಪೀರಿಯಡ್ಡುಗಳು ಬಂದಾಗ ಕಥೋಲಿಕ ಮಕ್ಕಳು ಜ್ಞಾನೋಪದೇಶಕ್ಕೆ ಒಂದು ಕೋಣೆಗೆ ಹೋಗುತ್ತಿದ್ದರು, ಉಳಿದವರಿಗೆ ನನ್ನ ಹತ್ತಿರ ನೀತಿಪಾಠ. ಮೊದಲ ಪರಮಪ್ರಸಾದಕ್ಕೆ ಸಿದ್ಧವಾಗುತ್ತಿದ್ದ ಮಕ್ಕಳು ಜಪ ಬಾಯಿಪಾಠ ಮಾಡಲು ನನ್ನ ಹತ್ತಿರ ಉಚ್ಚಾರಣೆ ಕೇಳಲು ಬರುತ್ತಿದ್ದರು. ಅಲ್ಪಪ್ರಾಣ, ಮಹಾಪ್ರಾಣ ತಿದ್ದಿ ಕಳಿಸುತ್ತಿದ್ದೆ.

ಶಾಲೆಯ ಆವರಣದಲ್ಲಿ ಲೂರ್ದು ಮಾತೆಯ ಗವಿ ಇತ್ತು. ಮೊಮ್ಮಗಳನ್ನು ಬಿಡಲು ಬರುತ್ತಿದ್ದ ಅಜ್ಜಿಯೊಬ್ಬರು ದಿನಾ ಅಲ್ಲಿ ಒಂದು ಗಳಿಗೆ ನಿಂತು, ಮುಡಿಯಿಂದ ಒಂದೆಳೆ ಕನಕಾಂಬರ ಕಿತ್ತಿಟ್ಟು, ಕೆನ್ನೆ ಬಡಿದುಕೊಂಡು ಹೋಗುತ್ತಿದ್ದರು. ಅವರ ಮನೆದೇವರು ಬೇರೆ, ಹರಕೆ ಬೇರೆ. ಆ ಅಜ್ಜಿಗೆ ಮತ ಬದಲಿಸುವ ಯೋಚನೆ ಇರಲಿಲ್ಲ. ಸಿಸ್ಟರ್‌ಗಳಿಗೂ ಅವರನ್ನು ಕೇಳುವ ಯೋಚನೆ ಇರಲಿಲ್ಲ. ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿ ನೋಡಿ: ಹರಕೆ ಹೊತ್ತು ನಿಂತವರಲ್ಲಿ ಕ್ರೈಸ್ತರು ಯಾರು, ಅಲ್ಲದವರು ಯಾರು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠಕ್ಕೆ ನಡೆದುಕೊಳ್ಳುವ ಒಕ್ಕಲುಗಳಲ್ಲಿ ಎಷ್ಟು ಜಾತಿಗಳಿವೆ ಎಂದು ಎಣಿಸಿದವರಿಗೆ ಇದು ಹೊಸದೇನೂ ಅಲ್ಲ. ನಮ್ಮ ಜನ ಪವಿತ್ರವಾದದ್ದನ್ನು ಕಂಡರೆ ಕೈಮುಗಿಯುತ್ತಾರೆ, ಮುಗಿದು ಮನೆಗೆ ಹೋಗುತ್ತಾರೆ.

ಆದರೂ ಅನುಮಾನ ಬಂತು. 2021ರ ಡಿಸೆಂಬರ್‌ನಲ್ಲಿ, ರಾಜ್ಯದಲ್ಲಿ ಮತಾಂತರ ನಿಷೇಧ ಮಸೂದೆಯ ಬಿಸಿ ಏರಿದ್ದ ದಿನಗಳಲ್ಲಿ, ನಮ್ಮದೇ ಜಿಲ್ಲೆಯ ಪಾಂಡವಪುರದ ಶಾಲೆಯೊಂದಕ್ಕೆ ಗುಂಪೊಂದು ನುಗ್ಗಿ ಕ್ರಿಸ್‌ಮಸ್ ಆಚರಣೆಯನ್ನು ಆಕ್ಷೇಪಿಸಿತು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆ ದಿನ ನನಗಾದ ಸಂಕಟವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಪ್ರಶ್ನೆ ಕೇಳುವ ಹಕ್ಕು ಪೋಷಕರಿಗಿದೆ. ಸಂವಿಧಾನದ 28ನೇ ವಿಧಿಯ ಮೂರನೆಯ ಖಂಡ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಯಾವುದಾದರೂ ಶಾಲೆ ಇದನ್ನು ಮುರಿದರೆ ಮೊದಲು ದೂರು ಕೊಡುವವನು ನಾನು. ಆದರೆ ದೂರು ಕೊಡುವ ಜಾಗ ಬಿಇಒ ಕಚೇರಿ. ಮಕ್ಕಳು ಕೇಕ್ ಕತ್ತರಿಸುತ್ತಿರುವ ಆವರಣಕ್ಕೆ ಗುಂಪು ಕಟ್ಟಿಕೊಂಡು ನುಗ್ಗುವುದನ್ನು ಯಾವ ಧರ್ಮವೂ ಕಲಿಸುವುದಿಲ್ಲ.

ಧರ್ಮಪೀಠಗಳು ಶಾಲೆ ನಡೆಸುವುದು ಮಂಡ್ಯಕ್ಕೆ ಹೊಸದೂ ಅಲ್ಲ. 1974ರಲ್ಲಿ ಬಾಲಗಂಗಾಧರನಾಥ ಸ್ವಾಮೀಜಿ ಪೀಠಕ್ಕೆ ಬಂದ ಮೇಲೆ ಆದಿಚುಂಚನಗಿರಿ ಮಠ ಊರೂರಿಗೆ ಶಾಲೆ ಕೊಟ್ಟಿತು. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆಗಳಲ್ಲಿ ನಮ್ಮ ಮಕ್ಕಳು ಓದಿದ್ದಾರೆ. ಮಠದ ಶಾಲೆಯಲ್ಲಿ ಓದಿದ ಮುಸ್ಲಿಂ ಹುಡುಗ ಮುಸ್ಲಿಮನಾಗಿಯೇ ಉಳಿದ, ಸಿಸ್ಟರ್ ಶಾಲೆಯಲ್ಲಿ ಓದಿದ ಒಕ್ಕಲಿಗರ ಹುಡುಗಿ ಗೌರಿ ಹಬ್ಬಕ್ಕೆ ತಪ್ಪದೆ ತವರಿಗೆ ಬರುತ್ತಾಳೆ.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಕಥೋಲಿಕ ಪೂಜೆ ಶತಮಾನಗಳ ಕಾಲ ಲ್ಯಾಟಿನ್‌ನಲ್ಲಿ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯ ಕುರಿತ ತನ್ನ ಶಾಸನವನ್ನು ಹೊರಡಿಸಿ, ಜನರ ಮಾತೃಭಾಷೆಗಳ ಬಳಕೆಗೆ ಬಾಗಿಲು ತೆರೆಯಿತು. ಅದಾದ ಮೇಲೆ ಹಳ್ಳಿಯ ಕೂಲಿ ಹೆಂಗಸೂ ಬಲಿಪೂಜೆಯ ಪ್ರತಿ ಮಾತನ್ನೂ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಕೊಡುವಂತಾಯಿತು. ಇದು ತಾನಾಗಿ ಬಂದ ವರವೂ ಅಲ್ಲ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನ ಸಿಗಲೆಂದು ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಿದ್ದಾರೆ. ಇಲ್ಲೇ ಪಕ್ಕದ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುವಿನ ಪಾಡುಗಳನ್ನು ಊರವರೇ ವೇಷ ಕಟ್ಟಿ ಕನ್ನಡದಲ್ಲಿ ಆಡುವ ‘ಮಹಿಮೆ’ ನಾಟಕದ ಪರಂಪರೆ ಇದೆ. ಆ ರಂಗದ ಕನ್ನಡ ಕೇಳಿದವರಿಗೆ ಕ್ರೈಸ್ತ ಧರ್ಮ ಈ ಮಣ್ಣಿನಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೀಗೆ ದೇವರ ಪೀಠದ ಮುಂದೆ ಕನ್ನಡ ಬಂದು ನಿಂತ ಮೇಲಿನ ದಶಕಗಳಲ್ಲೇ ಅದೇ ಆವರಣದ ತರಗತಿ ಕೋಣೆಯಿಂದ ಕನ್ನಡ ಹೊರನಡೆಯಿತು. ಭಾನುವಾರ ಬೆಳಿಗ್ಗೆ ಕನ್ನಡದಲ್ಲಿ ಪ್ರಾರ್ಥಿಸುವ ಮಗು ಸೋಮವಾರ ಬೆಳಿಗ್ಗೆ ಕನ್ನಡದಲ್ಲಿ ಲೆಕ್ಕ ಮಾಡುವಂತಿಲ್ಲ. ದೇವರಿಗೆ ಅರ್ಥವಾಗುವ ಭಾಷೆ ಗಣಿತಕ್ಕೆ ಅರ್ಥವಾಗುವುದಿಲ್ಲವೇ? ಈ ಪ್ರಶ್ನೆಯನ್ನು ನಾನು ಶಾಲೆಯ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಸಿಸ್ಟರ್‌ಗಳು ಕೊಟ್ಟ ಉತ್ತರ ಪ್ರಾಮಾಣಿಕವಾದದ್ದು: ‘ಇಂಗ್ಲಿಷ್ ಮೀಡಿಯಂ ಮಾಡದಿದ್ದರೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಪಕ್ಕದ ಶಾಲೆಗೆ ಹೋಗುತ್ತಾರೆ, ಮೇಷ್ಟ್ರೇ.’ ಹೋದರು, ನೋಡಿದ್ದೇನೆ.

ಸರ್ಕಾರ ಏನು ಮಾಡಿತು? ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಕಲಿಸಬೇಕೆಂದು 1994ರ ಏಪ್ರಿಲ್ 29ರಂದು ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಹೈಕೋರ್ಟು ಶಾಲೆಗಳ ಪರ ತೀರ್ಪು ಕೊಟ್ಟಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮೇ 6ರಂದು, ಒಂದೇ ದಿನ, ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ನೇತೃತ್ವದ ಐವರ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಪೋಷಕರದು ಎಂದಿತು ಒಂದು. ಇನ್ನೊಂದು, ಪ್ರಮತಿ ಪ್ರಕರಣದ್ದು: 2009ರ ಶಿಕ್ಷಣ ಹಕ್ಕು ಕಾಯ್ದೆ, ಬಡ ಮಕ್ಕಳಿಗೆ ಕಾದಿಡಬೇಕಾದ ಶೇ. 25 ಸೀಟುಗಳೂ ಸೇರಿ, 30ನೇ ವಿಧಿಯ ರಕ್ಷಣೆ ಪಡೆದ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದಿತು.

ನ್ಯಾಯಶಾಸ್ತ್ರದ ಸೂಕ್ಷ್ಮ ನನಗೆ ತಿಳಿಯದು. ಅಲ್ಪಸಂಖ್ಯಾತರ ಹಕ್ಕು ನಮ್ಮ ಸಂವಿಧಾನದ ಮರ್ಯಾದೆ, ಅದನ್ನು ಕಾಪಾಡಲೇಬೇಕು. ಆದರೆ ಮಳವಳ್ಳಿಯ ಕೂಲಿಕಾರನ ಮನೆಯ ಬಾಗಿಲಲ್ಲಿ ನಿಂತು ನೋಡಿ. ಆ ಒಂದೇ ದಿನ ಸಿಸ್ಟರ್ ಶಾಲೆಗೆ ಎರಡು ಬಿಡುಗಡೆ ಸಿಕ್ಕವು: ಕನ್ನಡದಲ್ಲಿ ಕಲಿಸಲೇಬೇಕೆಂಬ ಕಟ್ಟಿನಿಂದ, ಬಡವರ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕೆಂಬ ಕಟ್ಟಿನಿಂದ. ಎರಡನೆಯ ತೀರ್ಪಿನ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಇತ್ತ ರಾಜ್ಯದ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದ ಕನ್ನಡ ಒಂದು ವಿಷಯವಾಗಿಯಾದರೂ ಎಲ್ಲ ಶಾಲೆಗಳಲ್ಲಿ ಉಳಿದಿದೆ. ಕಾನೂನು ಇಷ್ಟು ಮಾಡಬಲ್ಲದು. ಉಳಿದದ್ದು ಮನಸ್ಸಿನ ಕೆಲಸ.

ಮನಸ್ಸು ಎಲ್ಲಿಗೆ ಬಂದು ನಿಂತಿದೆ ಎಂದು ಒಂದು ಡೈರಿಯಲ್ಲಿ ಕಂಡೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇವತ್ತಿಗೂ ಪೇಪರ್ ತಪ್ಪದೆ ಓದುತ್ತಾಳೆ. ಒಬ್ಬನೇ ಮಗನನ್ನು ಕಾನ್ವೆಂಟಿಗೆ ಹಾಕಿದ್ದಾಳೆ. ಸಂಬಳದಲ್ಲಿ ಫೀಸಿನದ್ದೇ ದೊಡ್ಡ ಪಾಲು. ಒಂದು ರಾತ್ರಿ ಎಂಟೂವರೆಗೆ, ಬಸ್ಸಿಳಿದು ಬಂದವಳು ಸ್ಕೂಲ್ ಡೈರಿ ಹಿಡಿದು ನಮ್ಮ ಮನೆಗೆ ಬಂದಳು. ‘ಏನ್ ಬರದವ್ರೆ ನೋಡಿ ಮೇಷ್ಟ್ರೇ, ಹುಡುಗ ಏನೋ ತಪ್ಪು ಮಾಡವ್ನೆ ಅನ್ಸುತ್ತೆ.’ ಓದಿದೆ. ಹುಡುಗ ಚಿತ್ರ ಚೆನ್ನಾಗಿ ಬರೆಯುತ್ತಾನೆ, ಬಣ್ಣದ ಪೆನ್ಸಿಲ್ ಕೊಡಿಸಿ ಎಂದು ಮಿಸ್ಸು ಇಂಗ್ಲಿಷಿನಲ್ಲಿ ಬರೆದಿದ್ದರು. ಬರೆದ ಮಿಸ್ಸು ನಮ್ಮ ತಾಲ್ಲೂಕಿನವರೇ, ಮನೆಯಲ್ಲಿ ಕನ್ನಡ ಆಡುವವರೇ. ಓದಬೇಕಾದ ತಾಯಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಇಬ್ಬರ ನಡುವೆ ಒಂದು ಒಳ್ಳೆಯ ಮಾತು ದಾಟಲಿಕ್ಕೆ ಮೂರನೆಯ ಮನೆಯ ಮೇಷ್ಟ್ರು ಬೇಕಾದ. ಹೊಗಳಿಕೆಯನ್ನು ಬೈಗುಳ ಎಂದುಕೊಂಡು ದಾರಿಯುದ್ದಕ್ಕೂ ಆ ತಾಯಿ ಹೆದರಿಕೊಂಡೇ ಬಂದಿದ್ದಳು.

2011ರಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 70ರ ಆಸುಪಾಸು, ಹೆಂಗಸರದು ಅದಕ್ಕಿಂತ ಕಡಿಮೆ. ಎಷ್ಟೋ ಮನೆಗಳಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣು ಈ ತಾಯಿಯಂಥವಳೇ. ಅವಳು ಕಷ್ಟಪಟ್ಟು ಕಲಿತ ಅಕ್ಷರವನ್ನು ಮಗನ ಶಾಲೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದರೆ, ಅವಳು ಮನೆಯಲ್ಲಿ ಮಗನಿಗೆ ಪಾಠ ಹೇಳುವುದು ಹೇಗೆ? ಒಂದರಿಂದ ನಾಲ್ಕರವರೆಗಿನ ಮಗುವಿಗೆ ಮನೆಯಲ್ಲಿ ಕಲಿಸುವವರು ತಾಯಂದಿರು. ಮಾಧ್ಯಮ ಬದಲಾದ ದಿನವೇ ಅವರ ಕೆಲಸವನ್ನು ಕಿತ್ತು ಟ್ಯೂಷನ್ನಿನವರಿಗೆ ಕೊಟ್ಟಂತಾಯಿತು. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ; ನನ್ನ ಮೊಮ್ಮಕ್ಕಳಿಗೂ ಅದು ಬೇಕು. ಕನ್ನಡದಲ್ಲಿ ಓದಿ ಬರೆಯಲು ಗಟ್ಟಿಯಾಗಿ ಕಲಿತ ಮಗು ಇಂಗ್ಲಿಷನ್ನು ಬೇಗ ಹಿಡಿಯುತ್ತದೆ ಎಂಬುದನ್ನು ತರಗತಿಯಲ್ಲಿ ಕಂಡೇ ಹೇಳುತ್ತಿದ್ದೇನೆ. ಎರಡೂ ಅರೆಬರೆಯಾದ ಮಗು ಐದನೇ ತರಗತಿಗೆ ಬಂದಾಗ ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡು ನೋಡಿ ಬರೆದುಕೊಳ್ಳುತ್ತದೆ, ಅಷ್ಟೇ.

ಸಿಸ್ಟರ್‌ಗಳೇ, ಫಾದರ್‌ಗಳೇ, ನಿಮ್ಮಲ್ಲಿ ಕೆಲವರು ಈ ಸಭೆಗೆ ಬಂದಿದ್ದೀರಿ. ನಿಮ್ಮ ಉಪ್ಪುಂಡವನು ನಾನು, ಆ ಸಲಿಗೆಯಿಂದ ಕೇಳುತ್ತಿದ್ದೇನೆ. ಶಿಕ್ಷಣದ ಕುರಿತು ನಿಮ್ಮದೇ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆ, ಕಥೋಲಿಕ ಶಾಲೆ ಬಡವರ, ಮನೆಯವರ ಆಸರೆಯಿಲ್ಲದವರ, ನಿಮ್ಮ ನಂಬಿಕೆಗೆ ಹೊರಗಿನವರ ಅಗತ್ಯವನ್ನು ನೋಡಿಕೊಳ್ಳಬೇಕು ಎನ್ನುತ್ತದೆ. ಶೇ. 25ರ ನಿಯಮ ನಿಮಗೆ ಅನ್ವಯಿಸದಿರಬಹುದು. ಈ ಘೋಷಣೆ ಅನ್ವಯಿಸುತ್ತದೆ. ಪ್ರತಿ ವರ್ಷ ಒಂದನೇ ತರಗತಿಗೆ ಕಬ್ಬು ಕಡಿಯುವವರ, ಗಾರ್ಮೆಂಟ್ಸ್ ಹೆಂಗಸರ, ಪೌರಕಾರ್ಮಿಕರ ಮಕ್ಕಳನ್ನು ಫೀಸಿಲ್ಲದೆ ಸೇರಿಸಿಕೊಳ್ಳಿ. ಎಷ್ಟು ಎಂದು ನೀವೇ ನಿರ್ಧರಿಸಿ, ಆದರೆ ಸೂಚನಾ ಫಲಕದಲ್ಲಿ ಬರೆದು ಹಾಕಿ. ನಾಲ್ಕನೆಯ ತರಗತಿಯವರೆಗೆ ದಿನಕ್ಕೊಂದು ಗಂಟೆ ಕನ್ನಡ ಓದು, ಬರಹಕ್ಕೆ ಮೀಸಲಿಡಿ. ಆ ಗಂಟೆಗೆ ನಿಮ್ಮಲ್ಲಿರುವ ಅತ್ಯುತ್ತಮ ಶಿಕ್ಷಕರನ್ನು ಕಳಿಸಿ.

ಪೋಷಕರೇ, ಮಕ್ಕಳನ್ನು ಸೇರಿಸುವಾಗ ಇಂಗ್ಲಿಷ್ ಮೀಡಿಯಂ ಇದೆಯೇ ಎಂದು ಕೇಳುವ ನೀವು, ಕನ್ನಡ ಯಾರು ಕಲಿಸುತ್ತಾರೆ ಎಂದೂ ಕೇಳಿ. ನೀವು ಕೇಳಿದರೆ ಶಾಲೆ ಬದಲಾಗುತ್ತದೆ. ಇಂಗ್ಲಿಷ್ ಬಂದದ್ದೂ ನೀವು ಕೇಳಿದ್ದರಿಂದಲೇ.

ದತ್ತಿಯ ನಿಯಮದಂತೆ ಉಪನ್ಯಾಸಕರಿಗೆ ಸಲ್ಲುವ ಗೌರವಧನವನ್ನು ನಾನು ಕೆಲಸ ಮಾಡಿದ ಶಾಲೆಯ ಒಂದನೇ ತರಗತಿಯ ಕನ್ನಡ ಕಥೆ ಪುಸ್ತಕಗಳಿಗೆ ಕೊಡುತ್ತಿದ್ದೇನೆ. ಉಳಿದ ಶಾಲೆಗಳಿಗೂ ಯಾರಾದರೂ ಮುಂದೆ ಬಂದರೆ ಸಂತೋಷ. ಮತ್ತೆ ಸಿಸ್ಟರ್‌ಗಳಲ್ಲಿ ಒಂದೇ ಒಂದು ಬೇಡಿಕೆ. ಇದಕ್ಕೆ ದುಡ್ಡು ಬೇಡ, ಇಲಾಖೆಯ ಆದೇಶ ಬೇಡ, ನ್ಯಾಯಾಲಯದ ತೀರ್ಪೂ ಬೇಡ: ನಾಳೆ ಸೋಮವಾರದಿಂದಲೇ ಮಕ್ಕಳ ಡೈರಿಯನ್ನು ಕನ್ನಡದಲ್ಲಿ ಬರೆಯಿರಿ.